ಮೊಟ್ಟೆಗೆ ಮುಂಚಿನ ನಾಲ್ಕು ತಿಂಗಳು

ಕೋಳಿಮರಿ ಸಾಕೋದು ಹೇಗೆ ಅಂತ ಯೂಟ್ಯೂಬಿನಲ್ಲಿ ಹುಡುಕಿದರೆ ನೂರಾರು ವಿಡಿಯೊ ಸಿಗುತ್ತವೆ. ಬಲ್ಬ್ ಹಾಕಿ ಕಾವು ಕೊಡೋದು, ನೀರಿಗೆ ಬೆಲ್ಲ ಬೆರೆಸಿ ಕುಡಿಸೋದು, ಎಲ್ಲ ಇದೆ. ಹತ್ತು ಕೋಳಿಯಿಂದ ತಿಂಗಳಿಗೆ ಇಷ್ಟು ಸಾವಿರ ಲಾಭ ಅನ್ನೋ ವಿಡಿಯೊಗಳಿಗಂತೂ ಲೆಕ್ಕವೇ ಇಲ್ಲ. ಈ ಎರಡರ ನಡುವೆ ನಾಲ್ಕು ತಿಂಗಳು ಇದೆಯಲ್ಲ, ಅದರ ಬಗ್ಗೆ ಮಾತಾಡೋರು ಕಡಿಮೆ. ಆಗ ಅವು ಮರಿಯೂ ಅಲ್ಲ, ಮೊಟ್ಟೆ ಕೋಳಿಯೂ ಅಲ್ಲ. ಇನ್ನೂ ಮೊಟ್ಟೆಗೆ ಬಾರದ ಹೆಣ್ಣನ್ನ ನಮ್ಮ ಮಂಡ್ಯದ ಕಡೆ ಯಾಟೆ ಅಂತಾರೆ. ಬೇರೆ ಕಡೆ ಹ್ಯಾಟೆ, ಹೇಂಟೆ ಅನ್ನೋದೂ ಉಂಟು. ತಿನ್ನೋದು ಜಾಸ್ತಿ, ಕೊಡೋದು ಏನೂ ಇಲ್ಲ, ಮೈಯೆಲ್ಲ ಅರೆಬರೆ ಪುಕ್ಕ, ಒಂದಕ್ಕೊಂದು ಕಿತ್ತಾಟ. ಪಿಯುಸಿ ಹಾಸ್ಟೆಲಿನ ಹಾಗೆ ಅಂದ್ಕೊಳ್ಳಿ.

ನಾನು ಓದಿದ್ದು ಇಂಜಿನಿಯರಿಂಗ್, ಮಾಡೋದು ಸಾಫ್ಟ್‌ವೇರ್ ಕೆಲಸ. ವಾರಕ್ಕೆ ಎರಡು ದಿನ ರೈಲಲ್ಲಿ ಬೆಂಗಳೂರಿನ ಆಫೀಸಿಗೆ ಹೋಗಿ ಬರ್ತೀನಿ, ಮಿಕ್ಕ ದಿನ ಊರಿನ ಮನೆಯಿಂದಲೇ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅವ್ವನ ಜೊತೆ ಇರಬೇಕು ಅಂತ ಮಾಡಿಕೊಂಡ ಏರ್ಪಾಡು ಇದು. ಕಳೆದ ಮೇ ತಿಂಗಳ ಕೊನೆಯಲ್ಲಿ ಒಂದು ಭಾನುವಾರ, ಆರು ವಾರ ತುಂಬಿದ ಹನ್ನೆರಡು ಸ್ವರ್ಣಧಾರ ಮರಿಗಳನ್ನ ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಮನೆಗೆ ತಂದೆ. ಸ್ವರ್ಣಧಾರ ಅಂದರೆ ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ಅಭಿವೃದ್ಧಿ ಮಾಡಿದ ತಳಿ. ಅವರದ್ದೇ ಹಳೇ ತಳಿ ಗಿರಿರಾಜ ಬಹಳ ಜನಕ್ಕೆ ಗೊತ್ತು. ನೋಡೋಕೆ ನಾಟಿ ಕೋಳಿ ಥರವೇ ಬಣ್ಣಬಣ್ಣ ಇರುತ್ತೆ, ಹಿತ್ತಲಲ್ಲಿ ಕೆದಕಿ ತಿಂದು ಬದುಕುತ್ತೆ, ಮೊಟ್ಟೆ ಮಾತ್ರ ನಾಟಿಗಿಂತ ಎರಡು ಪಟ್ಟಿಗೂ ಜಾಸ್ತಿ.

ಅವ್ವ ಪೆಟ್ಟಿಗೆ ಕಡೆ ಒಮ್ಮೆ ನೋಡಿದಳು. "ತಂದಿರೋನು ನೀನು, ನೋಡ್ಕೊಳ್ಳೋನೂ ನೀನೇ. ನಾನು ಮುಟ್ಟಾಕಿಲ್ಲ ಕಣಪ್ಪ" ಅಂದು ಒಳಗೆ ಹೋದಳು.

ಅದಕ್ಕೆ ಕಾರಣ ಇತ್ತು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಹಿತ್ತಲಲ್ಲಿ ಮೂವತ್ತಕ್ಕೂ ಹೆಚ್ಚು ಕೋಳಿ ಇದ್ದವು. ಮೊಟ್ಟೆ ದುಡ್ಡು ಅವ್ವನ ದುಡ್ಡು, ಅದಕ್ಕೆ ಅಪ್ಪ ಕೈ ಹಾಕ್ತಿರಲಿಲ್ಲ. ನನ್ನ ಟ್ಯೂಷನ್ ಫೀಸು, ಜಾಮಿಟ್ರಿ ಬಾಕ್ಸು, ಹಬ್ಬದ ಶರ್ಟು ಎಲ್ಲ ಅಡುಗೆಮನೆಯ ಸಾಸಿವೆ ಡಬ್ಬಿಯೊಳಗಿಂದ ಬರ್ತಿತ್ತು. ಆ ವರ್ಷ ಬೇಸಿಗೆ ಶುರುವಾಗೋ ಹೊತ್ತಿಗೆ ಒಂದು ಬೆಳಿಗ್ಗೆ ಎರಡು ಕೋಳಿ ಮಂಕಾಗಿ ಕೂತಿದ್ದವು. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ. ಮಾರನೇ ದಿನ ಕೆಲವಕ್ಕೆ ಕತ್ತು ತಿರುಚಿಕೊಂಡಿತು. ನಾಲ್ಕೇ ದಿನಕ್ಕೆ ಹಿತ್ತಲು ಖಾಲಿ. ಅಪ್ಪ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ಊರಲ್ಲಿ ಎಲ್ಲರೂ "ಕೋಳಿಗೆ ಬೇನೆ ಬಂತು" ಅಂದರು ಅಷ್ಟೆ. ಅದು ರಾಣಿಖೇತ್ ರೋಗ, ಅದಕ್ಕೆ ಲಸಿಕೆ ಇದೆ, ಪಶು ಆಸ್ಪತ್ರೆಯಲ್ಲಿ ಕೇಳಿದರೆ ಸಿಗುತ್ತೆ ಅನ್ನೋದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವತ್ತಿಂದ ಅವ್ವ ಕೋಳಿ ಸಾಕಲಿಲ್ಲ.

ಹಾಗಿದ್ದ ಮೇಲೆ ನಾನು ಯಾಕೆ ತಂದೆ? ಸರಿಯಾದ ಉತ್ತರ ಇಲ್ಲ. ಅಪ್ಪ ಹೋದ ಮೇಲೆ ಅವ್ವ ಸಂಜೆ ಹೊತ್ತು ಹಿತ್ತಲ ಬಾಗಿಲಲ್ಲಿ ಸುಮ್ಮನೆ ಕೂತಿರ್ತಿದ್ದಳು. ಎದುರಿಗೆ ಖಾಲಿ ಕೊಟ್ಟಿಗೆ. ಅದನ್ನ ನೋಡಿ ನೋಡಿ ನನಗೇ ಬೇಜಾರಾಗಿತ್ತು ಅಂತ ಕಾಣುತ್ತೆ.

ಸ್ನೇಹಿತರು ಬಿಡ್ತಾರಾ? "ಮಂಡ್ಯದಲ್ಲಿ ರೈತನಿಗೇ ಹೆಣ್ಣು ಕೊಡಲ್ಲ, ಇನ್ನು ಲ್ಯಾಪ್‌ಟಾಪ್ ಇಟ್ಕೊಂಡು ಕೋಳಿ ಸಾಕೋನಿಗೆ ಕೊಡ್ತಾರೇನೋ" ಅಂತ ಗ್ರೂಪಿನಲ್ಲಿ ಒಂದು ವಾರ ಅದೇ ಮಾತು.

ನೂರು ಡೋಸು, ಹನ್ನೆರಡು ಕೋಳಿ

ಮರಿ ಕೊಟ್ಟವರು ಮೊದಲ ವಾರದ ಹನಿ, ನಾಲ್ಕನೇ ವಾರದ ಹನಿ ಎರಡೂ ಹಾಕಿದ್ದೀವಿ ಅಂದಿದ್ದರು. ಅವು ರಾಣಿಖೇತ್‌ನ ಮೊದಲ ಹಂತದ ಲಸಿಕೆಗಳು, ಕಣ್ಣಿಗೋ ಮೂಗಿಗೋ ಹನಿ ಬಿಡೋದು ಅಥವಾ ನೀರಲ್ಲಿ ಕುಡಿಸೋದು. ಎಂಟು ವಾರದ ಹೊತ್ತಿಗೆ ಆರ್ ಟೂ ಬಿ ಅನ್ನೋ ಇನ್ನೊಂದನ್ನ ಚುಚ್ಚಬೇಕು. ಹಿತ್ತಲ ಕೋಳಿಗಳನ್ನ ಮೊಟ್ಟೆ ಇಡೋ ವಯಸ್ಸಿನವರೆಗೆ ಕಾಯೋದು ಮುಖ್ಯವಾಗಿ ಇದೇ. ಬಹಳ ಜನ ತಪ್ಪಿಸೋದೂ ಇದನ್ನೇ.

ಯಾಕೆ ತಪ್ಪಿಸ್ತಾರೆ ಅಂತ ಪಶು ಆಸ್ಪತ್ರೆಗೆ ಹೋದಾಗ ಗೊತ್ತಾಯಿತು. ಲಸಿಕೆಯ ಒಂದು ಸೀಸೆಯಲ್ಲಿ ನೂರು ಡೋಸು ಇರುತ್ತೆ. ಒಮ್ಮೆ ದ್ರಾವಣದಲ್ಲಿ ಕಲೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದು ಚೆಲ್ಲಬೇಕು. ಅಲ್ಲಿವರೆಗೂ ಐಸಿನಲ್ಲೇ ಇರಬೇಕು. ಸಾವಿರ ಕೋಳಿಯ ಫಾರಂಗೆ ಇದೇನೂ ತೊಂದರೆಯಲ್ಲ. ನಾಲ್ಕು ಕೋಳಿ ಇಟ್ಟುಕೊಂಡ ಅಜ್ಜಿ ಏನು ಮಾಡಬೇಕು? "ಹನ್ನೆರಡಕ್ಕೆ ಒಂದು ಸೀಸೆ ಒಡೆದರೆ ಎಂಬತ್ತೆಂಟು ವೇಸ್ಟು. ಬೀದಿಯವರನ್ನ ಸೇರಿಸ್ಕೊಂಡು ಬನ್ನಿ, ನಾನೇ ಬಂದು ಹಾಕ್ತೀನಿ" ಅಂದರು ಡಾಕ್ಟ್ರು.

ಸರಿ, ಮನೆಮನೆಗೆ ಹೋದೆ. ಒಬ್ಬರು "ಲಸಿಕೆ ಹಾಕಿದ್ರೆ ಮೊಟ್ಟೆ ನಿಂತೋಗ್ತದೆ" ಅಂದರು. ಇನ್ನೊಬ್ಬರು "ದುಡ್ಡೆಷ್ಟು" ಅಂದರು. ಯಾರೂ ಬರೋದಿಲ್ಲ ಅಂತ ಹೇಳಲಿಲ್ಲ, ಬರ್ತೀನಿ ಅಂತಲೂ ಹೇಳಲಿಲ್ಲ. ನಮ್ಮೂರಿನ ಉತ್ತರ ಅದು. ಸಂಜೆ ಮನೆಗೆ ಬಂದು ಸುಮ್ಮನೆ ಅವ್ವನ ಮುಂದೆ ಹೇಳಿಕೊಂಡೆ. ಅವಳು ಕಾಳು ಬಿಡಿಸುತ್ತಾ ಕೇಳಿದಳು: "ಅವತ್ತು ನಮ್ಮವಕ್ಕೂ ಇದನ್ನೇ ಹಾಕ್ಬೇಕಿತ್ತಾ?"

ಹೌದು ಅಂದೆ. ಬೇರೆ ಏನು ಹೇಳೋದು.

ಮಾರನೇ ದಿನ ಅವಳೇ ಹೊರಟಳು. ಎಲ್ಲಿಗೆ ಅಂತ ಹೇಳಲಿಲ್ಲ. ಡಾಕ್ಟ್ರು ಬರೋ ಹಿಂದಿನ ರಾತ್ರಿ, ಅಟ್ಟದ ಮೇಲೆ ಬಿದ್ದಿದ್ದ ಹಳೇ ಮಂಕರಿಗಳನ್ನ ಕೆಳಗಿಳಿಸಿ ಧೂಳು ಕೊಡವಿದಳು. ಕೋಳಿ ಹಿಡಿಯೋದಿದ್ದರೆ ಕತ್ತಲಲ್ಲೇ ಹಿಡೀಬೇಕು, ಗೂಡು ಸೇರಿದ ಮೇಲೆ ಅವು ಮಿಸುಕಾಡೋದಿಲ್ಲ. ಬೆಳಿಗ್ಗೆ ಬಿಟ್ಟುಬಿಟ್ಟರೆ ಊರೆಲ್ಲ ಓಡಿಸ್ತಾವೆ. ಇದು ಯಾವ ವಿಡಿಯೊದಲ್ಲೂ ನನಗೆ ಸಿಕ್ಕಿರಲಿಲ್ಲ. ಬೆಳಿಗ್ಗೆ ಆರೂವರೆಗೆ ನಮ್ಮ ಮನೆ ಮುಂದೆ ಎಂಟು ಮನೆಯ ಎಂಬತ್ತನಾಲ್ಕು ಕೋಳಿ, ಮಂಕರಿ ಕೆಳಗೆ, ಗೋಣಿಚೀಲದಲ್ಲಿ, ಒಬ್ಬರು ಕುಕ್ಕರ್ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ತಂದಿದ್ದರು. ಡಾಕ್ಟ್ರು ಥರ್ಮಾಸಿನ ಐಸಿನಿಂದ ಸೀಸೆ ತೆಗೆದು ಕಲೆಸಿ, ಒಂದೊಂದಕ್ಕೂ ರೆಕ್ಕೆ ಕೆಳಗಿನ ಚರ್ಮದಡಿ ಅರ್ಧ ಎಂ.ಎಲ್. ಚುಚ್ಚಿದರು. ಮುಕ್ಕಾಲು ಗಂಟೆಯಲ್ಲಿ ಮುಗೀತು. ರೆಕ್ಕೆ ಹಿಡಿದು ಕೊಡ್ತಾ ಇದ್ದವಳು ಅವ್ವ. ಮುಟ್ಟೋದಿಲ್ಲ ಅಂದಿದ್ದಳು, ನಾನು ನೆನಪಿಸಲಿಲ್ಲ.

ಒಂದು ಮಾತು ಸೇರಿಸ್ತೀನಿ. ಲಸಿಕೆಗೆ ಮುಂಚೆ ಜಂತುಹುಳಕ್ಕೆ ಔಷಧಿ ಹಾಕಿರಬೇಕು, ಕೋಳಿ ಆರೋಗ್ಯವಾಗಿರಬೇಕು. ಮಂಕಾಗಿರೋ ಕೋಳಿಗೆ ಚುಚ್ಚಿಸಬೇಡಿ. ಕೋಳಿ ಸಿಡುಬಿಗೂ ಬೇರೆ ಲಸಿಕೆ ಇದೆ. ಯಾವುದು ಯಾವಾಗ ಅನ್ನೋದನ್ನ ನಿಮ್ಮೂರಿನ ಪಶುವೈದ್ಯರನ್ನೇ ಕೇಳಿ, ಪಕ್ಕದ ಮನೆಯವರನ್ನಲ್ಲ, ನನ್ನನ್ನೂ ಅಲ್ಲ.

ಹತ್ತನೇ ವಾರದಿಂದ ಗಂಡು ಹೆಣ್ಣು ಗೊತ್ತಾಗೋಕೆ ಶುರುವಾಯಿತು. ಗಂಡಿನ ಜುಟ್ಟು ಬೇಗ ಕೆಂಪಾಗುತ್ತೆ, ಕಾಲು ದಪ್ಪ, ಕತ್ತಿನ ಮತ್ತು ಬಾಲದ ಬುಡದ ಪುಕ್ಕಗಳು ಚೂಪಾಗಿ ಉದ್ದ ಬರುತ್ತವೆ. ಹೆಣ್ಣಿನದು ದುಂಡು. ಹನ್ನೆರಡರಲ್ಲಿ ಮೂರು ಹುಂಜ. ಅದರಲ್ಲಿ ಒಂದು ಬೆಳಗಿನ ಜಾವ ನಾಲ್ಕಕ್ಕೇ ಶುರು ಮಾಡೋದು, ಅದನ್ನ ಮೊದಲೇ ಮಾರಿದೆ. ಇನ್ನೆರಡನ್ನ ಪಕ್ಷಕ್ಕೆ ಅಂತ ಉಳಿಸಿದೆವು. ಮೊಟ್ಟೆ ಇಡೋಕೆ ಹುಂಜ ಬೇಕಾಗಿಲ್ಲ, ಮರಿ ಆಗಬೇಕಾದರೆ ಮಾತ್ರ ಬೇಕು. ಇದನ್ನ ನಂಬದ ಇಂಜಿನಿಯರುಗಳು ನನ್ನ ಟೀಮಿನಲ್ಲೇ ಇಬ್ಬರಿದ್ದಾರೆ.

ನಾನು ಮಾಡಿದ ತಪ್ಪು

ಇದನ್ನ ಬರೆಯೋದು ಬೇಡ ಅಂದ್ಕೊಂಡಿದ್ದೆ. ಆದರೆ ಇದನ್ನ ಬಿಟ್ಟರೆ ಬರೆದು ಪ್ರಯೋಜನ ಇಲ್ಲ.

ಹದಿನಾಲ್ಕನೇ ವಾರದಲ್ಲಿ ಬೆಳವಣಿಗೆ ಫೀಡು ಮುಗೀತು. ಅಂಗಡಿಯಲ್ಲಿ ಅದು ಇರಲಿಲ್ಲ, ಲೇಯರ್ ಫೀಡ್ ಇತ್ತು. ಅಂದರೆ ಮೊಟ್ಟೆ ಕೋಳಿಗೆ ಕೊಡೋದು. ನನ್ನ ತರ್ಕ ನೋಡಿ: ಹೇಗೂ ಇನ್ನೆರಡು ತಿಂಗಳಲ್ಲಿ ಮೊಟ್ಟೆ ಇಡಬೇಕು, ಈಗಲೇ ಕೊಟ್ಟರೆ ದೇಹ ತಯಾರಾಗುತ್ತೆ, ಸ್ವಲ್ಪ ಬೇಗ ಶುರುವಾದರೂ ಆಗಬಹುದು. ಎಕ್ಸೆಲ್ ಶೀಟಿನಲ್ಲಿ ಖರ್ಚು ಬರೆದಿಟ್ಟು, ಮೊದಲ ಮೊಟ್ಟೆಯ ತಾರೀಕನ್ನ ಎರಡು ವಾರ ಹಿಂದಕ್ಕೆ ಎಳೆದು ಖುಷಿಪಟ್ಟೆ.

ಹತ್ತು ದಿನಕ್ಕೆ ಹಿಕ್ಕೆ ನೀರುನೀರಾಯಿತು. ಹದಿನಾರನೇ ವಾರದಲ್ಲಿ ಒಂದು ಕಂದು ಯಾಟೆ ಮೂಲೆ ಹಿಡಿದು ಕೂತಿತು, ಎರಡನೇ ದಿನ ಸತ್ತೇ ಹೋಯಿತು. ಅವ್ವ ಏನೂ ಅನ್ನಲಿಲ್ಲ. ಆದರೆ ಅವಳ ಮುಖ ನೋಡಿ ಹೆದರಿಕೆಯಾಯಿತು. ಮತ್ತೆ ಅದೇ ಬೇನೆ ಬಂತು ಅಂದ್ಕೊಂಡಿದ್ದಳು. ಸತ್ತ ಕೋಳಿಯನ್ನ ಕವರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟ್ರು ಅಲ್ಲೇ ಕೊಯ್ದು ತೋರಿಸಿದರು. ಮೂತ್ರಪಿಂಡ ಊದಿತ್ತು, ಗುಂಡಿಗೆ ಮೇಲೆ, ಈಲಿ ಮೇಲೆ ಚಾಕ್‌ಪೀಸ್ ಪುಡಿ ಉದುರಿಸಿದ ಹಾಗೆ ಬಿಳಿ ಪದರ. "ಏನು ಹಾಕ್ತಿದ್ದೀರಿ ಮೇವು?" ಅಂತ ಕೇಳಿದರು. ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

ವಿಷಯ ಇಷ್ಟೇ. ಬೆಳೆಯೋ ಯಾಟೆಗೆ ಮೇವಿನಲ್ಲಿ ಸುಮಾರು 1 ಶೇಕಡಾ ಸುಣ್ಣದಂಶ ಸಾಕು. ಲೇಯರ್ ಫೀಡಿನಲ್ಲಿ 3.5ರಿಂದ 4 ಶೇಕಡಾ ಇರುತ್ತೆ, ಯಾಕೆಂದರೆ ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೊಟ್ಟೆ ಇಡದ ಕೋಳಿಗೆ ಅಷ್ಟನ್ನ ಹಾಕಿದರೆ ಅದು ಹೋಗೋಕೆ ಜಾಗ ಇಲ್ಲ. ಮೂತ್ರಪಿಂಡವೇ ಹೊರಗೆ ಹಾಕಬೇಕು, ಕೊನೆಗೆ ಅದೇ ಕೆಟ್ಟುಹೋಗುತ್ತೆ. ಆಗ ಯೂರಿಕ್ ಆಮ್ಲ ಹೊರಗೆ ಹೋಗದೆ ಒಳಗೇ ಬಿಳಿಯಾಗಿ ಕೂರುತ್ತೆ. ಮನುಷ್ಯರಿಗೆ ಗೌಟ್ ಅಂತಾರಲ್ಲ, ಅದೇ ಹೆಸರು ಇದಕ್ಕೂ.

ಮನೆಗೆ ಬಂದು ಅವ್ವನಿಗೆ "ಬೇನೆ ಅಲ್ಲ, ನಾನೇ ಕೊಂದೆ" ಅಂದೆ. ಅವಳಿಗೆ ಸಮಾಧಾನವಾಯಿತು ಅಂತ ಅನ್ನಿಸಿತು, ಅದು ಇನ್ನೂ ಕಷ್ಟವಾಯಿತು. "ಎಳೇ ಹಸೀಗೆ ಬಾಣಂತಿ ಊಟ ಇಕ್ಕಿದಂಗಾಯ್ತು ನಿನ್ ಕತೆ" ಅಂದಳು.

ಮಾರನೇ ದಿನವೇ ಮಂಡ್ಯಕ್ಕೆ ಹೋಗಿ ಬೆಳವಣಿಗೆ ಫೀಡ್ ತಂದೆ. ಮಿಕ್ಕ ಎಂಟು ಚೇತರಿಸಿಕೊಂಡವು. ಅದರಲ್ಲಿ ಒಂದನ್ನ ಹದಿನೆಂಟನೇ ವಾರದಲ್ಲಿ ಮುಂಗುಸಿ ಹೊತ್ತುಕೊಂಡು ಹೋಯಿತು, ಹಾಡುಹಗಲು, ನಾನು ಮೀಟಿಂಗಿನಲ್ಲಿದ್ದಾಗ. ಉಳಿದದ್ದು ಏಳು.

ಹಾಗಾದರೆ ಲೇಯರ್ ಫೀಡಿಗೆ ಬದಲಾಯಿಸೋದು ಯಾವಾಗ? ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಮುಂಚೆ ಹೆಣ್ಣಿನ ಮೂಳೆಯ ಒಳಗೆ ಸುಣ್ಣದ ಒಂದು ವಿಶೇಷ ದಾಸ್ತಾನು ಬೆಳೆಯೋಕೆ ಶುರುವಾಗುತ್ತೆ. ರಾತ್ರಿ ಹೊತ್ತು ಚಿಪ್ಪು ಕಟ್ಟುವಾಗ ಹೊಟ್ಟೆಯಲ್ಲಿ ಮೇವು ಇರೋದಿಲ್ಲವಲ್ಲ, ಆಗ ಈ ದಾಸ್ತಾನಿನಿಂದ ತೆಗೆಯುತ್ತೆ. ಆದರೆ ಏಳೂ ಒಂದೇ ದಿನ ಈ ಹಂತಕ್ಕೆ ಬರೋದಿಲ್ಲ. ಅದಕ್ಕೆ ಡಾಕ್ಟ್ರು ಹೇಳಿದ ಉಪಾಯ: ಮೇವು ಬೆಳವಣಿಗೆಯದ್ದೇ ಇರಲಿ, ಕಪ್ಪೆಚಿಪ್ಪಿನ ನುಚ್ಚನ್ನ ಬೇರೆ ಬಟ್ಟಲಲ್ಲಿ ಇಡಿ. ಬೇಕಾದದ್ದು ಹೋಗಿ ತಿನ್ನುತ್ತೆ, ಬೇಡದ್ದು ಮುಟ್ಟೋದಿಲ್ಲ. ಹಾಗೇ ಆಯಿತು. ಇಪ್ಪತ್ತೊಂದನೇ ವಾರದಲ್ಲಿ ಮೂರು ಕೋಳಿ ಮಾತ್ರ ಆ ಬಟ್ಟಲಿಗೆ ಹೋಗ್ತಿದ್ದವು. ಮೊದಲು ಮೊಟ್ಟೆ ಇಟ್ಟವೂ ಅವೇ ಮೂರು. ಎಲ್ಲವೂ ಶುರು ಮಾಡಿದ ಮೇಲಷ್ಟೇ ಲೇಯರ್ ಫೀಡ್ ತಂದೆ. ಮೊಟ್ಟೆ ಚಿಪ್ಪನ್ನೇ ಒಣಗಿಸಿ ಪುಡಿ ಮಾಡಿ ಕೊಡಬಹುದು, ಆದರೆ ಚೆನ್ನಾಗಿ ನುಚ್ಚು ಮಾಡಿ. ಮೊಟ್ಟೆಯ ಆಕಾರ ಕಂಡರೆ ತಮ್ಮ ಮೊಟ್ಟೆಯನ್ನೇ ಒಡೆದು ತಿನ್ನೋ ಚಟ ಹತ್ತುತ್ತೆ.

"ರಾಗಿ ಇದೆಯಲ್ಲ, ಅದರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ" ಅಂತ ನಮ್ಮ ಚಿಕ್ಕಪ್ಪ ವಾದ ಮಾಡಿದರು. ಧಾನ್ಯಗಳಲ್ಲಿ ರಾಗಿ ಮುಂದೆ, ಒಪ್ಪಿದೆ. ಆದರೆ 100 ಗ್ರಾಂ ರಾಗಿಯಲ್ಲಿ ಇರೋದು ಒಂದು ಗ್ರಾಮಿನ ಮೂರನೇ ಒಂದು ಭಾಗ. ಒಂದು ಕೋಳಿ ದಿನಕ್ಕೆ ತಿನ್ನೋದೇ 100 ಗ್ರಾಂ ಹತ್ತಿರ. ಚಿಪ್ಪಿಗೆ ಬೇಕಾದ 2 ಗ್ರಾಂ ಎಲ್ಲಿಂದ ಬರಬೇಕು? ನಮ್ಮ ನಾಟಿ ಕೋಳಿಗಳು ವರ್ಷಕ್ಕೆ ಕಡಿಮೆ ಮೊಟ್ಟೆ ಇಡ್ತಿದ್ದರಿಂದ ರಾಗಿ, ಹುಳ, ಗೋಡೆಯ ಸುಣ್ಣ ತಿಂದು ಹೇಗೋ ನಡೀತಿತ್ತು. ಈ ತಳಿಗಳಿಗೆ ಅಷ್ಟರಲ್ಲಿ ಸಾಗೋದಿಲ್ಲ.

ಇನ್ನೊಂದು ಬೆಳಕಿನ ವಿಚಾರ. ದೊಡ್ಡ ಫಾರಂಗಳಲ್ಲಿ ಮೊಟ್ಟೆ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಕೊಡ್ತಾರೆ. ಬೆಳಕು ಹೆಚ್ಚಿದರೆ ಕೋಳಿಯ ಮಿದುಳಿಗೆ ಮೊಟ್ಟೆಯ ಕಾಲ ಬಂತು ಅಂತ ಸೂಚನೆ ಹೋಗುತ್ತೆ. ನಾನೂ ಕೊಟ್ಟಿಗೆಗೆ ಒಂದು ಬಲ್ಬು, ಅದಕ್ಕೆ ಮೊಬೈಲಿನಿಂದ ಆನ್ ಆಫ್ ಆಗೋ ಪ್ಲಗ್ಗು ಎಲ್ಲ ಜೋಡಿಸಿದ್ದೆ. "ಅವಕ್ಕೂ ನೈಟ್ ಶಿಫ್ಟಾ?" ಅಂದಳು ಅವ್ವ. ಬಿಚ್ಚಿಹಾಕಿದೆ. ಮೈ ಬಲಿಯದೆ ಬೆಳಕು ಹೆಚ್ಚಿಸಿದರೆ ಚಿಕ್ಕ ಕೋಳಿ ದೊಡ್ಡ ಮೊಟ್ಟೆ ಇಡೋಕೆ ಹೋಗಿ ಹಿಂಭಾಗ ಹೊರಬರೋ ಅಪಾಯವೂ ಇದೆ. ನಮ್ಮ ಕಡೆ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರೋ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೆ. ಏಳು ಕೋಳಿಗೆ ಸೂರ್ಯನೇ ಸಾಕು.

ಬೆರಳಿನ ಲೆಕ್ಕ

ಇಪ್ಪತ್ತು ವಾರ ದಾಟಿದ ಮೇಲೆ ದಿನಕ್ಕೆರಡು ಸಲ ಗೂಡು ನೋಡೋದು ನನ್ನ ಕೆಲಸವಾಯಿತು. ಅವ್ವ ನಗ್ತಿದ್ದಳು. ಅವಳು ಗೂಡು ನೋಡ್ತಿರಲಿಲ್ಲ, ಕೋಳಿಯನ್ನ ನೋಡ್ತಿದ್ದಳು.

ಏನು ನೋಡಬೇಕು ಅಂತ ಅವಳಿಂದ ಕಲಿತದ್ದು ಇದು. ಮೊದಲು ಜುಟ್ಟು, ಗಲ್ಲದ ಜೋಲು. ತಿಳಿಗುಲಾಬಿ ಇದ್ದದ್ದು ದೊಡ್ಡದಾಗಿ ಕೆಂಪು ತುಂಬುತ್ತೆ. ಆಮೇಲೆ ನಡವಳಿಕೆ. ಗೂಡಿನ ಮೂಲೆಗಳನ್ನ ಇಣುಕಿ ನೋಡುತ್ತೆ, ಹುಲ್ಲು ಕೆದಕಿ ಕೂತು ಎದ್ದು ಬರುತ್ತೆ, ಬಾಡಿಗೆ ಮನೆ ಹುಡುಕೋರ ಹಾಗೆ. ಸುಮ್ಮಸುಮ್ಮನೆ ಗಲಾಟೆ ಮಾಡುತ್ತೆ. ಬೆನ್ನ ಮೇಲೆ ಕೈ ಇಡೋಕೆ ಹೋದರೆ ಓಡದೆ, ರೆಕ್ಕೆ ಸ್ವಲ್ಪ ಅಗಲಿಸಿ ನೆಲಕ್ಕೆ ಕುಕ್ಕರಿಸುತ್ತೆ. ಇದು ಬಂದರೆ ಮೊಟ್ಟೆ ಹತ್ತಿರ ಇದೆ ಅಂತ ಅರ್ಥ. ಕೊನೆಯದು, ಎಲ್ಲಕ್ಕಿಂತ ಗಟ್ಟಿ ಗುರುತು, ಹಿಂಭಾಗದ ಮೂಳೆ. ಕೋಳಿಯನ್ನ ಕಂಕುಳಲ್ಲಿ ಇಟ್ಟುಕೊಂಡು ಮೊಟ್ಟೆ ಬರೋ ಜಾಗದ ಎರಡು ಪಕ್ಕ ಮುಟ್ಟಿದರೆ ಎರಡು ತೆಳು ಮೂಳೆಯ ತುದಿ ಸಿಗುತ್ತೆ. ಯಾಟೆಯಲ್ಲಿ ಅವುಗಳ ನಡುವೆ ಒಂದು ಬೆರಳೂ ಕಷ್ಟ, ಮೂಳೆ ಬಿರುಸು. ಮೊಟ್ಟೆಗೆ ಬಂದ ಕೋಳಿಯಲ್ಲಿ ಎರಡು ಬೆರಳು, ಮೈಯುಳ್ಳ ಕೋಳಿಯಾದರೆ ಮೂರು ಬೆರಳು ಸಲೀಸಾಗಿ ಹಿಡಿಯುತ್ತೆ, ಮೂಳೆಯೂ ಬಳುಕುತ್ತೆ.

ಗೂಡಿನ ವಿಚಾರ ಬೇಗ ಹೇಳಿಬಿಡ್ತೀನಿ. ನಾಲ್ಕೈದು ಕೋಳಿಗೆ ಒಂದು ಮೊಟ್ಟೆಗೂಡು ಸಾಕು, ಒಂದಡಿ ಉದ್ದ ಒಂದಡಿ ಅಗಲ, ಸ್ವಲ್ಪ ಕತ್ತಲಿರಬೇಕು, ಕೂತು ಮಲಗೋ ಅಡ್ಡಬೊಂಬಿಗಿಂತ ತಗ್ಗಿನಲ್ಲಿರಬೇಕು. ಇಲ್ಲದಿದ್ದರೆ ರಾತ್ರಿ ಅದರಲ್ಲೇ ಮಲಗಿ ಗಲೀಜು ಮಾಡ್ತವೆ. ನಾವು ಮುರಿದ ಮಂಕರಿಗಳಿಗೆ ಹುಲ್ಲು ಹಾಕಿ ಕೊಟ್ಟಿಗೆಯ ಮೂಲೆಯಲ್ಲಿಟ್ಟೆವು, ಒಳಗೆ ಒಂದು ಪ್ಲಾಸ್ಟಿಕ್ ಚೆಂಡು, ಇದು ಮೊಟ್ಟೆ ಇಡೋ ಜಾಗ ಅಂತ ತೋರಿಸೋಕೆ.

ಸೆಪ್ಟೆಂಬರ್ ಎರಡನೇ ವಾರ, ಬೆಳಿಗ್ಗೆ ಹತ್ತಕ್ಕೆ ನನ್ನ ಸ್ಟ್ಯಾಂಡಪ್ ಮೀಟಿಂಗ್ ನಡೀತಾ ಇರುವಾಗ ಹಿತ್ತಲಿಂದ ಕೊಕ್ಕೊಕ್ಕೊಕ್ಕೋ ಅಂತ ಹತ್ತು ನಿಮಿಷ ನಿಲ್ಲದ ಕೂಗು. ಮ್ಯೂಟ್ ಮಾಡೋದು ಮರೆತಿದ್ದೆ. ಮ್ಯಾನೇಜರು "ಏನ್ರೀ ಅದು" ಅಂದರು. "ಡೆಲಿವರಿ ಆಯ್ತು ಸಾರ್" ಅಂದೆ. ಓಡಿಹೋಗಿ ನೋಡಿದರೆ ಮಂಕರಿಯಲ್ಲಿ ತಿಳಿಗಂದು ಬಣ್ಣದ ಪುಟ್ಟ ಮೊಟ್ಟೆ, ಒಂದು ಕಡೆ ಸ್ವಲ್ಪ ರಕ್ತದ ಗೆರೆ. ಮೊದಲ ಮೊಟ್ಟೆಗಳಲ್ಲಿ ಹಾಗೆ ಇರುತ್ತೆ, ಹೆದರಬೇಕಾಗಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ 41 ಗ್ರಾಂ. ಮುಂದಿನ ವಾರಗಳಲ್ಲಿ ಚಿಪ್ಪೇ ಇಲ್ಲದ ಮೆತ್ತನೆಯದು ಒಂದು, ಎರಡು ಭಂಡಾರದ್ದು ಒಂದು ಬಂತು. ಹೊಸ ಕಾರ್ಖಾನೆ, ಮೊದಮೊದಲು ಹೀಗೇ. ಒಂದು ಮೊಟ್ಟೆ ತಯಾರಾಗೋಕೆ 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟೋಕೇ ಹೋಗುತ್ತೆ. ಅದಕ್ಕೇ ದಿನ ದಿನ ಸ್ವಲ್ಪ ತಡವಾಗುತ್ತಾ ಹೋಗಿ ಒಂದು ದಿನ ರಜೆ ಹಾಕುತ್ತೆ.

ಆ ತಿಂಗಳ ಕೊನೆಗೆ ಆರು ಕೋಳಿ ಮೊಟ್ಟೆಗೆ ಬಂದವು. ಏಳನೆಯದು ಬೂದುಗಪ್ಪು ಬಣ್ಣದ್ದು, ನಾವು ಬೂದಮ್ಮ ಅಂತಿದ್ದೆವು, ಅದು ಮಾತ್ರ ಇಲ್ಲ. ಲೇಯರ್ ಫೀಡಿನ ಆ ಹತ್ತು ದಿನದಲ್ಲಿ ಅದೂ ಮಂಕಾಗಿತ್ತು. ಒಳಗೆ ಏನೋ ಕೆಟ್ಟಿರಬೇಕು, ಇನ್ನು ಇದು ಇಡೋದಿಲ್ಲ ಅಂತ ನಾನು ಶೀಟಿನಲ್ಲಿ ಅದರ ಸಾಲಿಗೆ ಕೆಂಪು ಬಣ್ಣ ಹಾಕಿದ್ದೆ.

ಅಷ್ಟರಲ್ಲಿ ಪಕ್ಷ ಬಂತು. ಅಪ್ಪ ಹೋದ ಮೇಲೆ ಎರಡನೇ ಪಕ್ಷ. ನಮ್ಮಲ್ಲಿ ಹಿರಿಯರಿಗೆ ಅವರಿಗಿಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡಬೇಕು. ಅಪ್ಪನಿಗೆ ಕೋಳಿ ಸಾರು, ಮುದ್ದೆ. ಎರಡು ಹುಂಜ ಸಿದ್ಧವಿದ್ದವು. ಆದರೆ ಹಿಂದಿನ ದಿನ ಸಂಜೆ ಅತ್ತೆ ಮನೆ ಕಡೆಯವರೂ ಬರ್ತಾರೆ ಅಂತ ಫೋನ್ ಬಂತು. ಚಿಕ್ಕಪ್ಪ ಲೆಕ್ಕ ಹಾಕಿ "ಎರಡು ಸಾಲಾಕಿಲ್ಲ. ಆ ಬೂದಿ ಕೋಳಿ ಇಡಾಕಿಲ್ಲ ಅಂತೀಯಲ್ಲ, ಅದನ್ನೂ ಸೇರ್ಸು" ಅಂದರು. ನನ್ನ ಹತ್ತಿರ ಬೇಡ ಅನ್ನೋಕೆ ಕಾರಣ ಇರಲಿಲ್ಲ. ನನ್ನ ಶೀಟೇ ಅವರ ಪರವಾಗಿತ್ತು. ಸುಮ್ಮನೆ ನಿಂತಿದ್ದೆ.

ಅವ್ವ ಕತ್ತಲಲ್ಲಿ ಕೊಟ್ಟಿಗೆಗೆ ಹೋಗಿ ಬೂದಮ್ಮನನ್ನ ಕಂಕುಳಲ್ಲಿ ಹಿಡಿದುಕೊಂಡು ಬಂದಳು. ದೀಪದ ಕೆಳಗೆ ಜುಟ್ಟು ನೋಡಿದಳು, ಹಿಂದೆ ಬೆರಳಿಟ್ಟು ನೋಡಿದಳು. ಇನ್ನೊಮ್ಮೆ ನೋಡಿದಳು.

"ಮೂರು ಬೆರಳು ಹಿಡೀತದೆ. ಇದು ಇಡ್ತಾ ಅದೆ" ಅಂದಳು.

"ಎಲ್ಲಿಟ್ಟಿದೆ ಅತ್ತಿಗೆ, ತೋರ್ಸು ಮತ್ತೆ" ಅಂದರು ಚಿಕ್ಕಪ್ಪ.

"ಎಲ್ಲಿಟ್ಟದೋ ನಂಗೊತ್ತಿಲ್ಲ. ಇಡೋ ಕೋಳಿ ಕುಯ್ದು ಅವರ ಎಡೆಗಿಕ್ಕಾಕಿಲ್ಲ ನಾನು. ಬೇಕಾದ್ರೆ ಅಂಗಡೀಲಿ ತರ್ಸು" ಅಂತ ಅದನ್ನ ವಾಪಸ್ ಬಿಟ್ಟು ಬಂದಳು. ಚಿಕ್ಕಪ್ಪ ಮುಖ ಊದಿಸಿಕೊಂಡೇ ಬೈಕ್ ಹತ್ತಿದರು. ಮಾರನೇ ದಿನ ಊಟ ಚೆನ್ನಾಗಿ ಆಯಿತು, ಅವರೇ ಎರಡು ಸಲ ಬಡಿಸಿಕೊಂಡರು.

ನಾಲ್ಕು ದಿನ ಆದ ಮೇಲೆ ಪಕ್ಕದ ಮನೆ ಹುಡುಗ ಕ್ರಿಕೆಟ್ ಬಾಲು ಹುಡುಕ್ತಾ ನಮ್ಮ ಹುಲ್ಲಿನ ಮೆದೆಯ ಹಿಂದೆ ಹೋದವನು ಕೂಗಿದ. ಮೆದೆಯ ಬುಡದಲ್ಲಿ ಒಂದು ಗೂಡಿನಂಥ ಹಳ್ಳ, ಅದರೊಳಗೆ ಒಂಬತ್ತು ಮೊಟ್ಟೆ. ನಾನು ನೋಡ್ತಾ ಇದ್ದ ಹಾಗೇ ಬೂದಮ್ಮ ಸುತ್ತು ಬಳಸಿ ಬಂದು, ನಮ್ಮನ್ನ ನೋಡಿ ಏನೂ ಆಗದ ಹಾಗೆ ಬೇರೆ ಕಡೆ ಹೊರಟಿತು. ಮಂಕರಿ ಬಿಟ್ಟು ಹೊರಗೆ ಇಡೋದು ಹೊಸ ಕೋಳಿಗಳಲ್ಲಿ ಸಾಮಾನ್ಯ. ಇಂಥ ಕೋಳಿಯನ್ನ ಮೂರ್ನಾಲ್ಕು ದಿನ ಬೆಳಿಗ್ಗೆ ಹನ್ನೊಂದರವರೆಗೆ ಕೊಟ್ಟಿಗೆಯಲ್ಲೇ ಕೂಡಿಹಾಕಿದರೆ ಮಂಕರಿ ಅಭ್ಯಾಸವಾಗುತ್ತೆ.

ಹಳೇ ಮೊಟ್ಟೆ ಯಾವುದು ಅಂತ ನೋಡೋಕೆ ನೀರಿಗೆ ಹಾಕಿದೆವು. ತಾಜಾ ಇದ್ದರೆ ತಳದಲ್ಲಿ ಅಡ್ಡ ಮಲಗುತ್ತೆ, ದಿನ ಕಳೆದ ಹಾಗೆ ಒಳಗೆ ಗಾಳಿ ಸೇರಿ ನೆಟ್ಟಗೆ ನಿಲ್ಲುತ್ತೆ, ತೇಲಿದರೆ ಬೇಡ. ಒಂದೂ ತೇಲಲಿಲ್ಲ. ಎರಡು ನಿಂತವು, ಅವನ್ನ ಅವತ್ತೇ ಬೇಯಿಸಿದೆವು. ಇಟ್ಟುಕೊಳ್ಳೋ ಮೊಟ್ಟೆಯನ್ನ ತೊಳೆಯಬೇಡಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಒಂದು ಲೇಪ ಇರುತ್ತೆ, ಅದು ಹೋದರೆ ಬೇಗ ಕೆಡುತ್ತೆ. ಬಳಸೋ ಮುಂಚೆ ತೊಳೆದರೆ ಸಾಕು.

ಬೂದಮ್ಮನ ಸಾಲಿನ ಕೆಂಪು ಬಣ್ಣ ತೆಗೆದೆ. ಸತ್ಯ ಹೇಳಬೇಕು ಅಂದರೆ ಆ ಶೀಟನ್ನ ಈಗ ನಾನು ತೆರೆಯೋದೇ ಅಪರೂಪ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವ್ವ ದಿನಾ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾಳೆ, ಒಂದು ಮೊಟ್ಟೆಗೆ ಒಂದು ಗೆರೆ. ದಿನಕ್ಕೆ ನಾಲ್ಕು, ಐದು. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದು ಬೀದಿಯಲ್ಲೇ ಹೋಗುತ್ತೆ, ಒಂದಕ್ಕೆ 12 ರೂಪಾಯಿ. ದುಡ್ಡು ಸಾಸಿವೆ ಡಬ್ಬಿಗೆ. ಫೀಡಿನ ಖರ್ಚು ನನ್ನದು, ಮೊಟ್ಟೆ ದುಡ್ಡು ಅವಳದು. ಈ ಒಪ್ಪಂದದಲ್ಲಿ ಲಾಭ ಯಾರಿಗೆ ಅಂತ ಕೇಳಬೇಡಿ.

ಹೋದ ಭಾನುವಾರ ನಾನು ಏಳೋ ಹೊತ್ತಿಗೆ ಟೇಬಲ್ ಮೇಲೆ ನನ್ನ ಆಫೀಸ್ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಇತ್ತು. ಅವ್ವನ ಅಕ್ಷರ, ಹನ್ನೊಂದು ಮನೆ ಹೆಸರು, ಪಕ್ಕದಲ್ಲಿ ಒಂದೊಂದು ಅಂಕಿ. ಕೆಳಗೆ ಕೂಡಿಸಿ 132 ಅಂತ ಬರೆದಿದ್ದಳು.

"ಡಾಕ್ಟ್ರಿಗೆ ಫೋನ್ ಮಾಡು. ಮುಂದಿನ ಸಲ ಎರಡು ಸೀಸೆ ಬೇಕಾಗ್ತದೆ ಅಂತ ಈಗ್ಲೇ ಹೇಳಿಡು" ಅಂದಳು.